ವಿಮಾನ ಹಾರಿದ ಮೇಲೆ ಬಂದ ಆದೇಶ

ಮಾಟುಂಗಾದಲ್ಲಿ ನಾನು ದಿನಾ ಕಾಫಿಗೆ ಹೋಗುವ ಹೋಟೆಲಿನ ಗಲ್ಲೆಯ ಕೆಳಗೆ ಒಂದು ಹಸಿರು ಫೈಲ್ ಇದೆ. ಮೂಲೆಗಳಿಗೆಲ್ಲ ಎಣ್ಣೆ ಹಿಡಿದಿದೆ. ಒಳಗೆ ಅಡುಗೆಮನೆ ಹುಡುಗರ ಆಧಾರ್, ಪ್ಯಾನ್, ವೋಟರ್ ಕಾರ್ಡುಗಳ ಝೆರಾಕ್ಸ್. ಮೊದಲು ಇಂಥ ಫೈಲ್ ಬೇಕಾಗಿರಲಿಲ್ಲ. ಹುಡುಗರು ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯಿಂದ ಬರುತ್ತಿದ್ದರು. ಯಾರ ಮಗ, ಯಾವ ಮನೆ ಅಂತ ಮಾಲೀಕ ಶೆಟ್ಟರಿಗೆ ಬಾಯಿಪಾಠವಿತ್ತು. ಈಗ ಊರಿನ ಹುಡುಗರು ಹೋಟೆಲ್ ಕೆಲಸಕ್ಕೆ ಬರುವುದಿಲ್ಲ. ದೋಸೆ ಹುಯ್ಯುವವನು ಒಡಿಶಾದವನು. ಪಾತ್ರೆ ತೊಳೆಯುವ ಇಬ್ಬರು ಬಂಗಾಳದವರು. ಬಾಗಿಲ ಬಳಿ ನಿಲ್ಲುವವನು ನೇಪಾಳದವನು.

ಶೆಟ್ಟರು ನನ್ನ ಹಳೆಯ ವಿದ್ಯಾರ್ಥಿ. ಮುಂಬೈಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ನಾನು ಮೂವತ್ತು ವರ್ಷ ಪಾಠ ಮಾಡಿದವನು. ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ತೂಕಡಿಸುತ್ತಾ ಬೆಂಚಿನ ಮೇಲೆ ಕೂರುತ್ತಿದ್ದ ಹುಡುಗರಲ್ಲಿ ಅವರೂ ಒಬ್ಬರು. ಈಗ ಅವರಿಗೂ ಅರವತ್ತು ದಾಟಿದೆ. ಮೊನ್ನೆ ಹೊಸ ಹುಡುಗನ ಕಾಗದವನ್ನು ಫೈಲಿಗೆ ಸೇರಿಸುತ್ತಾ ಕೇಳಿದರು: "ಮಾಸ್ಟ್ರೇ, ಅಮೆರಿಕದಲ್ಲಿ ಜಡ್ಜ್ ಬೇಡ ಅಂದ್ರೂ ಜನರನ್ನು ವಿಮಾನ ಹತ್ತಿಸಿ ಕಳಿಸಿದ್ರಂತಲ್ಲ ಮಾರಾಯ್ರೆ, ಅದು ಹೇಗೆ ಆಗ್ತದೆ? ಕೋರ್ಟಿನ ಮಾತಿಗೆ ಬೆಲೆ ಇಲ್ವಾ?"

ಅವರ ತಂಗಿಯ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಗಂಡನದು ಎಚ್-1ಬಿ, ಅಂದರೆ ತಾತ್ಕಾಲಿಕ ಕೆಲಸದ ವೀಸಾ. ಹಾಗಾಗಿ ಸುಮ್ನೆ ಹೊತ್ತು ಹೋಗಲು ಕೇಳಿದ ಪ್ರಶ್ನೆ ಅಲ್ಲ. ಕಾಫಿ ಆರುವಷ್ಟರಲ್ಲಿ ನಾನು ಹೇಳಿದ್ದು ಅರ್ಧಂಬರ್ಧ. ಉಳಿದದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತೇನೆ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡೋಣ. ದೇಶದೊಳಗೆ ಯಾರನ್ನು ಬಿಟ್ಟುಕೊಳ್ಳಬೇಕು, ಎಷ್ಟು ದಿನ, ಯಾವ ಕೆಲಸಕ್ಕೆ ಅನ್ನುವುದು ಸರ್ಕಾರ ತೀರ್ಮಾನಿಸುವ ವಿಷಯ. ಯಾವ ದೇಶದ ಕೋರ್ಟೂ ಇದನ್ನು ಅಲ್ಲಗಳೆದಿಲ್ಲ. ನಮ್ಮ ಸುಪ್ರೀಂ ಕೋರ್ಟಂತೂ 1955ರಷ್ಟು ಹಿಂದೆಯೇ, ಜರ್ಮನಿಯ ಒಬ್ಬ ಪ್ರಜೆಯ ಮೊಕದ್ದಮೆಯಲ್ಲಿ, ವಿದೇಶಿಯರನ್ನು ಹೊರಗೆ ಕಳಿಸುವ ಅಧಿಕಾರ ಸರ್ಕಾರಕ್ಕೆ ಪೂರ್ತಿಯಾಗಿ ಇದೆ ಎಂದು ಹೇಳಿತ್ತು. ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕು ಕೊಡುವ ಸಂವಿಧಾನದ 19ನೇ ವಿಧಿ ಪ್ರಜೆಗಳಿಗೆ ಮಾತ್ರ. ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿ ಮಾತ್ರ ಈ ನೆಲದಲ್ಲಿ ನಿಂತಿರುವ ಎಲ್ಲರಿಗೂ, ವಿದೇಶಿಯರಿಗೂ ಸೇರಿ.

ಹಾಗಾದರೆ ಕೋರ್ಟಿಗೆ ಅಲ್ಲಿ ಏನು ಕೆಲಸ? ಶಾಲೆಯ ಹಾಜರಿ ಪುಸ್ತಕ ನೆನಪು ಮಾಡಿಕೊಳ್ಳಿ. ಯಾರನ್ನು ಸೇರಿಸಬೇಕು, ಯಾರ ಹೆಸರು ತೆಗೆಯಬೇಕು ಅನ್ನುವ ನಿಯಮ ಮೇಲಿನವರದು. ಆದರೆ ಹೆಸರು ಕೂಗಿದಾಗ ತಲೆ ಎತ್ತಿ ಮುಖ ನೋಡುವವನು ಒಬ್ಬ ಬೇಕು. ಎದ್ದು ನಿಂತವನು ಅವನೇನಾ, ಅಣ್ಣನ ಬದಲು ತಮ್ಮ ಬಂದಿದ್ದಾನಾ, ಅವನು ಏನೋ ಹೇಳಲು ಬಾಯಿ ತೆರೆಯುತ್ತಿದ್ದಾನಾ ಅಂತ. ವಲಸೆ ಮೊಕದ್ದಮೆಗಳಲ್ಲಿ ಜಡ್ಜ್ ಮಾಡುವುದು ಹೆಚ್ಚುಕಮ್ಮಿ ಇಷ್ಟೇ. ಈ ಮನುಷ್ಯ ನೀವು ಹೇಳುವ ಮನುಷ್ಯನೇ? ಕಳಿಸುವ ಜಾಗದಲ್ಲಿ ಅವನ ಜೀವ ಉಳಿಯುತ್ತದೆಯೇ? ಅವನ ಮಾತು ಯಾರಾದರೂ ಕೇಳಿದರೇ? ಸರ್ಕಾರಗಳು ಈಚೆಗೆ ದಾಟಲು ಹೊರಟಿರುವುದು ಈ ಮುಖ ನೋಡುವ ಕೆಲಸವನ್ನು. ಅದಕ್ಕೆ ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ.

ಬ್ರಿಟನ್ನಿನ ಕತೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಅಷ್ಟು ವಿಚಿತ್ರ ಅದು. 2022ರ ಏಪ್ರಿಲ್‌ನಲ್ಲಿ ಬೋರಿಸ್ ಜಾನ್ಸನ್ ಸರ್ಕಾರ ಒಂದು ಯೋಜನೆ ತಂದಿತು. ಇಂಗ್ಲಿಷ್ ಕಾಲುವೆಯಲ್ಲಿ ಸಣ್ಣ ದೋಣಿ ಹತ್ತಿ ಬಂದು ಆಶ್ರಯ ಕೇಳುವವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳಿಸುವುದು. ಅವರ ಅರ್ಜಿಯನ್ನು ರುವಾಂಡಾವೇ ವಿಚಾರಿಸುತ್ತದೆ, ಗೆದ್ದರೂ ಅಲ್ಲೇ ಇರಬೇಕು. ಅದೇ ಜೂನ್ 14ರಂದು ಮೊದಲ ವಿಮಾನ ಹೊರಡಬೇಕಿತ್ತು. ಕೊನೇ ಗಳಿಗೆಯಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ ತಡೆ ಕೊಟ್ಟಿತು. ವಿಮಾನ ಖಾಲಿ ನಿಂತಿತು.

2023ರ ನವೆಂಬರ್ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ಜಡ್ಜುಗಳು ಒಮ್ಮತದಿಂದ ಯೋಜನೆ ಕಾನೂನಿಗೆ ವಿರುದ್ಧ ಎಂದರು. ಗಮನಿಸಿ, ಹೊರದೇಶಕ್ಕೆ ಕಳಿಸುವುದೇ ತಪ್ಪು ಎಂದು ಅವರು ಹೇಳಲಿಲ್ಲ. ರುವಾಂಡಾದಲ್ಲಿ ಅರ್ಜಿಗಳ ವಿಚಾರಣೆ ಸರಿಯಾಗಿ ನಡೆಯುವುದಿಲ್ಲ, ನಿಜವಾದ ನಿರಾಶ್ರಿತರನ್ನೂ ಅಲ್ಲಿಂದ ಅವರು ಓಡಿಬಂದ ದೇಶಕ್ಕೇ ತಳ್ಳುವ ಅಪಾಯ ಇದೆ ಎಂದು ಸಾಕ್ಷ್ಯ ನೋಡಿ ಹೇಳಿದರು. ಅದು ಒಂದು ವಸ್ತುಸ್ಥಿತಿಯ ಬಗ್ಗೆ ಕೊಟ್ಟ ತೀರ್ಪು.

ಆಗ ಪ್ರಧಾನಿ ರಿಷಿ ಸುನಕ್. ರುವಾಂಡಾದ ಜೊತೆ ಹೊಸ ಒಪ್ಪಂದ ಮಾಡಿಕೊಂಡರು, ಅದು ಸರಿ. ಅದರ ಜೊತೆಗೆ ಒಂದು ಕಾನೂನನ್ನೂ ತಂದರು. 2024ರ ಏಪ್ರಿಲ್ 25ರಂದು ಜಾರಿಗೆ ಬಂದ ಆ ಕಾನೂನಿನ ತಿರುಳು ಇಷ್ಟು: ರುವಾಂಡಾ ಸುರಕ್ಷಿತ ದೇಶ ಎಂದೇ ಎಲ್ಲ ಅಧಿಕಾರಿಗಳೂ ಎಲ್ಲ ಕೋರ್ಟುಗಳೂ ತಿಳಿಯತಕ್ಕದ್ದು. ಬೇರೆ ಸಾಕ್ಷ್ಯ ತಂದು ಪ್ರಶ್ನೆ ಮಾಡುವಂತಿಲ್ಲ. ಸ್ಟ್ರಾಸ್‌ಬರ್ಗ್‌ನಿಂದ ಮತ್ತೆ ತಡೆ ಬಂದರೆ ಪಾಲಿಸಬೇಕೋ ಬೇಡವೋ ಎಂದು ಮಂತ್ರಿ ತೀರ್ಮಾನಿಸುತ್ತಾರೆ.

ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಮೂರೇ ಕಾಲು ಅಂತ ಪಾರ್ಲಿಮೆಂಟಿನಲ್ಲಿ ಪಾಸು ಮಾಡಿಸಿ, ಇನ್ನು ಮುಂದೆ ಯಾವ ಜಡ್ಜೂ ಮೊಲವನ್ನು ಎತ್ತಿ ಕಾಲು ಎಣಿಸಕೂಡದು ಅಂತ ಕಟ್ಟು ಹಾಕಿದ್ದು ಬ್ರಿಟನ್. ಅಲ್ಲಿ ಇದು ಸಾಧ್ಯ. ನಮ್ಮ ಹಾಗೆ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಸಂವಿಧಾನ ಅವರಿಗಿಲ್ಲ. ಪಾರ್ಲಿಮೆಂಟೇ ಎಲ್ಲದಕ್ಕಿಂತ ಮೇಲೆ. ಪಾಸಾದ ಕಾನೂನನ್ನು ರದ್ದು ಮಾಡುವ ಅಧಿಕಾರ ಅಲ್ಲಿನ ಕೋರ್ಟಿಗೆ ಇಲ್ಲ.

ಕೊನೆಗೆ ಏನಾಯಿತು? ಜುಲೈ ಚುನಾವಣೆಯಲ್ಲಿ ಸುನಕ್ ಸೋತರು. ಕೀರ್ ಸ್ಟಾರ್ಮರ್ ಬಂದವರೇ ಯೋಜನೆ ಕೈಬಿಟ್ಟರು. ಅಷ್ಟರಲ್ಲಿ ಖರ್ಚಾದದ್ದು 70 ಕೋಟಿ ಪೌಂಡ್ ಎಂದು ಹೊಸ ಸರ್ಕಾರ ಲೆಕ್ಕ ಕೊಟ್ಟಿತು. ಹೋದವರು ನಾಲ್ಕು ಜನ, ಅವರೂ ತಾವಾಗಿ ಒಪ್ಪಿ ಹೋದವರು. ಈ ಲೆಕ್ಕ ಹೇಳಿದಾಗ ಶೆಟ್ಟರು ಎರಡು ನಿಮಿಷ ಏನೂ ಮಾತಾಡಲಿಲ್ಲ. ವ್ಯಾಪಾರಸ್ಥರಲ್ವಾ.

ಇಟಲಿ ಹಿಡಿದದ್ದೂ ಇದೇ ದಾರಿ. 2024ರ ಅಕ್ಟೋಬರ್‌ನಲ್ಲಿ ಸಮುದ್ರದಲ್ಲಿ ಸಿಕ್ಕ 16 ಮಂದಿಯನ್ನು ನೌಕಾಪಡೆಯ ಹಡಗಿನಲ್ಲಿ ಅಲ್ಬೇನಿಯಾದ ಕೇಂದ್ರಕ್ಕೆ ಸಾಗಿಸಿದರು. ಹತ್ತು ಜನ ಬಾಂಗ್ಲಾದೇಶದವರು, ಆರು ಜನ ಈಜಿಪ್ಟಿನವರು. ಅವರ ದೇಶಗಳನ್ನು ಸುರಕ್ಷಿತ ಎನ್ನಲಾಗದು ಎಂದು ರೋಮ್ ಕೋರ್ಟ್ ಅವರನ್ನು ಅಲ್ಲಿ ಕೂಡಿಹಾಕಲು ಒಪ್ಪಲಿಲ್ಲ. ಮೂರೇ ದಿನದಲ್ಲಿ ಮೆಲೋನಿ ಸರ್ಕಾರ 'ಸುರಕ್ಷಿತ ದೇಶಗಳ ಪಟ್ಟಿ'ಯನ್ನೇ ಕಾನೂನಿನೊಳಗೆ ಸೇರಿಸಿತು. ಮಂತ್ರಿಯ ಪಟ್ಟಿಯಾದರೆ ಜಡ್ಜ್ ಪಕ್ಕಕ್ಕಿಡಬಹುದು, ಕಾನೂನಾದರೆ ಹೇಗೆ ಇಡುತ್ತಾನೆ ನೋಡೋಣ ಅನ್ನುವ ಲೆಕ್ಕ. ಆದರೆ ಅವರ ಮೇಲೆ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇದೆ. ಪಟ್ಟಿ ಕಾನೂನಿನ ರೂಪದಲ್ಲಿದ್ದರೂ ಸರಿ, ಯಾವ ಆಧಾರದ ಮೇಲೆ ಮಾಡಿದ್ದು ಎಂದು ಕೋರ್ಟ್ ಪರೀಕ್ಷಿಸಬಹುದು ಎಂದು ಅದು 2025ರ ಆಗಸ್ಟ್ 1ರಂದು ಹೇಳಿತು.

ಆಸ್ಟ್ರೇಲಿಯಾದ್ದು ಚಾಪೆ-ರಂಗೋಲಿ ಆಟ. ಎಲ್ಲಿಗೂ ಕಳಿಸಲಾಗದ ವಿದೇಶಿಯರನ್ನು ಕೊನೆಯಿಲ್ಲದೆ ಬಂಧನದಲ್ಲಿ ಇಡುವಂತಿಲ್ಲ ಎಂದು ಅಲ್ಲಿನ ಹೈಕೋರ್ಟ್ (ಅವರ ಅತಿ ದೊಡ್ಡ ಕೋರ್ಟಿಗೆ ಅದೇ ಹೆಸರು) 2023ರ ನವೆಂಬರ್‌ನಲ್ಲಿ ಹೇಳಿತು. ಸರ್ಕಾರ ಒಂದೇ ವಾರದಲ್ಲಿ ಕಾನೂನು ಮಾಡಿ, ಬಿಡುಗಡೆಯಾದವರ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿ, ರಾತ್ರಿ ಮನೆಯಿಂದ ಹೊರಡಬಾರದು ಎಂದಿತು. ಮುಂದಿನ ವರ್ಷ ನವೆಂಬರ್ 6ಕ್ಕೆ ಕೋರ್ಟ್ ಅದನ್ನೂ ಹೊಡೆದುಹಾಕಿತು. ಮಾರನೇ ದಿನವೇ ಹೊಸ ನಿಯಮ ಬಂತು.

ಬೇರೆಯವರ ಕತೆ ಓದುತ್ತಾ ನಗುವುದು ಸುಲಭ. ಕನ್ನಡಿಗರಿಗೆ ಇದು ಹೊಸದೇನೂ ಅಲ್ಲ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕು ಎಂದು ಮಧ್ಯಂತರ ಆದೇಶ ಕೊಟ್ಟಿತು. ಸರಿಯಾಗಿ ಒಂದು ತಿಂಗಳಿಗೆ ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ನ್ಯಾಯಮಂಡಳಿ ಏನೇ ಹೇಳಲಿ, ನಮ್ಮ ಜಲಾನಯನದ ನೀರಾವರಿಯನ್ನು ನಾವು ಕಾಯುತ್ತೇವೆ ಅಂತ. ಸುಗ್ರೀವ ತನ್ನ ಕಪಿಸೇನೆಗೆ ಕೊಟ್ಟ ಗಡುವು ಹೇಗೋ ಹಾಗೆ, ಎದುರು ಮಾತೇ ಇಲ್ಲ. ಮುಂಬೈಯಲ್ಲಿ ಕೂತಿದ್ದ ನಾವೂ ಅವತ್ತು ಭೇಷ್ ಅಂದೆವು. ನಾನೂ ಅಂದೆ. ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಎಂದಿತು. ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲು ಹೊರಟಿದೆ ರಾಜ್ಯ ಎಂಬ ಅರ್ಥದ ಮಾತು ಅದರಲ್ಲಿತ್ತು. ಆಗ ಸಿಟ್ಟು ಬಂದಿತ್ತು. ಈಗ ಓದಿದರೆ ಸುನಕ್ ಅವರ ಕಾನೂನಿಗೂ ಅದೇ ಮಾತು ಹೊಂದುತ್ತದೆ.

ನಮ್ಮಲ್ಲಿ ಇದಕ್ಕೊಂದು ಗೆರೆ ಇದೆ. ತೀರ್ಪು ಯಾವ ಕಾನೂನಿನ ಮೇಲೆ ನಿಂತಿದೆಯೋ ಆ ಕಾನೂನನ್ನೇ ಶಾಸಕಾಂಗ ಬದಲಿಸಬಹುದು. ತೆರಿಗೆ ವಿಷಯದಲ್ಲಿ ಎಷ್ಟೋ ಸಲ ಹಾಗೆ ಮಾಡಿದ್ದಾರೆ. ಆದರೆ ಬುಡ ಹಾಗೇ ಬಿಟ್ಟು, 'ಆ ತೀರ್ಪು ನಮಗೆ ಅನ್ವಯಿಸುವುದಿಲ್ಲ' ಅಂತ ಬರೆಯುವಂತಿಲ್ಲ. 1969ರಲ್ಲಿ ಗುಜರಾತಿನ ಭರೂಚ್ ನಗರಸಭೆಯ ತೆರಿಗೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆ ಅದು.

ಈಗ ಶೆಟ್ಟರ ವಿಮಾನಕ್ಕೆ ಬರೋಣ. ಅಮೆರಿಕದಲ್ಲಿ ನಡೆದದ್ದು ಕಾನೂನಿನ ಜಾಣತನಕ್ಕಿಂತ ಗಡಿಯಾರದ ಜಾಣತನ. 1798ರ 'ಏಲಿಯನ್ ಎನಿಮೀಸ್ ಆಕ್ಟ್' ಅಂತ ಒಂದು ಹಳೇ ಕಾನೂನು ಅಲ್ಲಿದೆ. ಯುದ್ಧದ ಹೊತ್ತಿನಲ್ಲಿ ಶತ್ರುದೇಶದ ಪ್ರಜೆಗಳನ್ನು ಹಿಡಿದು ಹೊರಹಾಕಲು ಮಾಡಿದ್ದು. 2025ರವರೆಗೆ ಅದನ್ನು ಬಳಸಿದ್ದು ಮೂರೇ ಸಲ: 1812ರ ಯುದ್ಧ, ಮತ್ತೆ ಎರಡು ಮಹಾಯುದ್ಧಗಳು. ಟ್ರಂಪ್ ಅದನ್ನು ವೆನೆಜುವೆಲಾದ ಒಂದು ಅಪರಾಧಿ ಗ್ಯಾಂಗಿನ ಮೇಲೆ ಪ್ರಯೋಗಿಸಿದರು. 2025ರ ಮಾರ್ಚ್ 15, ಶನಿವಾರ. ವಾಷಿಂಗ್ಟನ್ನಿನ ಫೆಡರಲ್ ಜಡ್ಜ್ ಜೇಮ್ಸ್ ಬೋಸ್‌ಬರ್ಗ್ ಅವಸರದ ವಿಚಾರಣೆ ನಡೆಸಿ, ಕಳಿಸುವುದನ್ನು ನಿಲ್ಲಿಸಿ, ವಿಮಾನ ಹಾರಿದ್ದರೆ ವಾಪಸ್ ತನ್ನಿ ಎಂದು ಬಾಯಲ್ಲಿ ಹೇಳಿದರು. ಅದಾದ ಮೇಲೆ ಲಿಖಿತ ಆದೇಶ ಬಂತು. ಅದರಲ್ಲಿ ವಿಮಾನ ತಿರುಗಿಸುವ ಮಾತು ಬರೆದಿರಲಿಲ್ಲ. 200ಕ್ಕೂ ಹೆಚ್ಚು ವೆನೆಜುವೆಲಾದವರು ಎಲ್ ಸಾಲ್ವಡಾರ್‌ನ ದೊಡ್ಡ ಜೈಲಿಗೆ ಸೇರಿಯೇಬಿಟ್ಟರು.

ಸರ್ಕಾರದ ವಾದ ಏನು ಗೊತ್ತಾ? ಬಾಯಿಮಾತಿನ ಆದೇಶ ಆದೇಶವಲ್ಲ. ಬರೆದ ಆದೇಶ ಬರುವಷ್ಟರಲ್ಲಿ ವಿಮಾನ ನಮ್ಮ ಆಕಾಶ ದಾಟಿತ್ತು. ಹೊರಗಿನ ಆಕಾಶದಲ್ಲಿ ನಿಮ್ಮ ಅಧಿಕಾರ ನಡೆಯುವುದಿಲ್ಲ. 'ನಾವು ಕೋರ್ಟಿನ ಮಾತು ಮೀರಿದೆವು' ಅಂತ ಅವರು ಒಮ್ಮೆಯೂ ಹೇಳಲಿಲ್ಲ, ಅದನ್ನು ಗಮನಿಸಬೇಕು. ಮೀರಲಿಲ್ಲ, ಪಾಲಿಸಿದ್ದೇವೆ, ಆದರೆ ತಡವಾಗಿತ್ತು ಅಂದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇಲ್ಲಿ ಬಾಗಿಲು ಹಾಕಲು ಬಂದವರನ್ನು ಸೂರೆ ಮುಗಿಯುವವರೆಗೆ ಮಾತಿನಲ್ಲಿ ನಿಲ್ಲಿಸಿಕೊಂಡರು. ಇದು ನ್ಯಾಯಾಂಗ ನಿಂದನೆ ಇರಬಹುದು ಎನ್ನಲು ಆಧಾರ ಇದೆ ಎಂದು ಬೋಸ್‌ಬರ್ಗ್ ಏಪ್ರಿಲ್‌ನಲ್ಲಿ ಬರೆದರು. ಅದು ಮೇಲ್ಮನವಿಯಲ್ಲಿ ಸಿಕ್ಕಿಕೊಂಡಿತು. ಜೈಲಿನಲ್ಲಿದ್ದವರು ನಾಲ್ಕು ತಿಂಗಳ ಮೇಲೆ, ಕೈದಿಗಳ ವಿನಿಮಯದಲ್ಲಿ ವೆನೆಜುವೆಲಾಕ್ಕೆ ಹೋದರು. ಅವರಲ್ಲಿ ಯಾರು ಗ್ಯಾಂಗಿನವರು, ಯಾರಲ್ಲ ಅಂತ ಕಳಿಸುವ ಮೊದಲು ಒಬ್ಬ ಜಡ್ಜೂ ಮುಖ ನೋಡಿರಲಿಲ್ಲ.

ಅದೇ ದಿನ ಎಲ್ ಸಾಲ್ವಡಾರ್‌ಗೆ ಹೋದವರಲ್ಲಿ ಮೇರಿಲ್ಯಾಂಡಿನ ಒಬ್ಬ ಕೆಲಸಗಾರನೂ ಇದ್ದ. ಅವನನ್ನು ಆ ದೇಶಕ್ಕೆ ಮಾತ್ರ ಕಳಿಸಕೂಡದು ಎಂದು 2019ರಲ್ಲೇ ಆದೇಶ ಇತ್ತು. 'ಆಡಳಿತದಲ್ಲಿ ಆದ ತಪ್ಪು' ಎಂದು ಸರ್ಕಾರವೇ ಒಪ್ಪಿತು. ಆದರೆ ವಾಪಸ್ ತರುವುದಕ್ಕೆ ಒಪ್ಪಲಿಲ್ಲ! ಏಪ್ರಿಲ್ 10ರಂದು ಅಮೆರಿಕದ ಸುಪ್ರೀಂ ಕೋರ್ಟ್, ಅವನ ಬಿಡುಗಡೆಗೆ ಅನುಕೂಲ ಮಾಡಿಕೊಡಿ ಎಂದಿತು. 'ಅನುಕೂಲ ಮಾಡಿಕೊಡಿ' ಅಂದರೆ ಏನು ಎಂಬ ಒಂದೇ ಪದದ ಮೇಲೆ ವಾರಗಟ್ಟಲೆ ವಾದ ನಡೆಯಿತು. ಜೂನ್ 6ಕ್ಕೆ ಅವನು ವಾಪಸ್ ಬಂದ, ಬಂದದ್ದು ಹೊಸ ಕ್ರಿಮಿನಲ್ ಮೊಕದ್ದಮೆಯ ಆರೋಪಿಯಾಗಿ.

ಶೆಟ್ಟರು ಇಲ್ಲಿ ಅಡ್ಡ ಬಂದರು: "ಹಾಗಾದ್ರೆ ಕೋರ್ಟಿಗೆ ಏನೂ ಮಾಡ್ಲಿಕ್ಕೆ ಆಗುದಿಲ್ಲ ಅಂತಾಯ್ತು." ಪೂರ್ತಿ ಹಾಗೂ ಅಲ್ಲ. ಮಾರ್ಚ್‌ನಲ್ಲಿ ಸುಟ್ಟುಕೊಂಡ ಮೇಲೆ ಕೋರ್ಟೂ ಗಡಿಯಾರ ನೋಡಲು ಕಲಿಯಿತು. ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್ ಮಧ್ಯರಾತ್ರಿ ಕಳೆದ ಹೊತ್ತಿನಲ್ಲಿ ಟೆಕ್ಸಾಸ್‌ನಿಂದ ಹೊರಡಬೇಕಿದ್ದವರಿಗೆ ತಡೆ ಕೊಟ್ಟಿತು. ಒಂದು ದಿನ ಮೊದಲು ನೋಟೀಸು ಕೊಟ್ಟರೆ ಸಾಲದು ಎಂದು ಮೇ ತಿಂಗಳಲ್ಲಿ ಬರೆಯಿತು. ಆದರೆ ಕೋರ್ಟಿಗೆ ಪೊಲೀಸಿಲ್ಲ, ವಿಮಾನವಿಲ್ಲ. ಇರುವುದು ಕಾಗದ ಒಂದೇ. ಎದುರಿನವರು ಕಾಗದಕ್ಕೆ ಮರ್ಯಾದೆ ಕೊಡುವವರೆಗೆ ಮಾತ್ರ ಅದರ ಆಟ.

ಎಲ್ಲ ಸಲವೂ ಕೋರ್ಟು ಸರ್ಕಾರಕ್ಕೆ ಎದುರು ನಿಲ್ಲುತ್ತದೆ ಎಂದೂ ಭಾವಿಸಬೇಡಿ. 2017ರಲ್ಲಿ ಕೆಲವು ಮುಸ್ಲಿಂ ದೇಶಗಳವರಿಗೆ ಟ್ರಂಪ್ ಹಾಕಿದ ಪ್ರವೇಶ ನಿಷೇಧ ಕೆಳಗಿನ ಕೋರ್ಟುಗಳಲ್ಲಿ ಬಿತ್ತು. ತಿದ್ದಿ ಬರೆದರು, ಮತ್ತೆ ತಡೆ ಬಂತು. ಮೂರನೇ ಸಲ ಬರೆದದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಎತ್ತಿಹಿಡಿಯಿತು. ನನ್ನ ಮಟ್ಟಿಗೆ ಇದು ಅಡ್ಡದಾರಿ ಅಲ್ಲ. ತೀರ್ಪು ಓದಿ, ತಪ್ಪು ತಿದ್ದಿ, ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುವುದು. ಫಲ ನಮಗೆ ಇಷ್ಟವಾಗದಿರಬಹುದು, ಅದು ಬೇರೆ ಮಾತು.

ನ್ಯೂಜೆರ್ಸಿಯ ಆ ಮನೆಯಲ್ಲಿ ಮಗು ಹುಟ್ಟಿದರೆ ಏನು ಎಂಬ ಪ್ರಶ್ನೆ ಇನ್ನೊಂದು ಬಗೆಯದು. 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ತಾಯಿ ಅಕ್ರಮವಾಗಿ ಇದ್ದರೆ, ಅಥವಾ ತಾತ್ಕಾಲಿಕ ವೀಸಾದಲ್ಲಿದ್ದರೆ, ಮತ್ತು ತಂದೆ ಪ್ರಜೆಯೂ ಅಲ್ಲ ಗ್ರೀನ್ ಕಾರ್ಡೂ ಇಲ್ಲ ಅಂದರೆ, ಅಮೆರಿಕದಲ್ಲಿ ಹುಟ್ಟಿದರೂ ಮಗುವಿಗೆ ಪೌರತ್ವ ಇಲ್ಲ. ಎಚ್-1ಬಿ ಮನೆಗಳೆಲ್ಲ ಇದರಲ್ಲಿ ಬಂದವು. ಆ ನೆಲದಲ್ಲಿ ಹುಟ್ಟಿದವರು ಪ್ರಜೆಗಳು ಎಂದು ಅವರ ಸಂವಿಧಾನದ 14ನೇ ತಿದ್ದುಪಡಿ ಹೇಳುತ್ತದೆ. ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವನೊಬ್ಬ ಪ್ರಜೆಯೇ ಎಂದು 1898ರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿತ್ತು. ಹಾಗಾಗಿ ಕೆಳಗಿನ ಜಡ್ಜುಗಳು ಒಬ್ಬರ ಹಿಂದೆ ಒಬ್ಬರು ಆದೇಶಕ್ಕೆ ದೇಶವ್ಯಾಪಿ ತಡೆ ಕೊಟ್ಟರು.

ಸರ್ಕಾರ ಆಗ ಸುಪ್ರೀಂ ಕೋರ್ಟಿಗೆ ಹೋದ ರೀತಿ ನೋಡಿ. ಆದೇಶ ಸರಿಯೋ ತಪ್ಪೋ ಎಂದು ಕೇಳಲಿಲ್ಲ. ಒಬ್ಬ ಜಿಲ್ಲಾ ಮಟ್ಟದ ಜಡ್ಜ್ ಇಡೀ ದೇಶಕ್ಕೆ ತಡೆ ಕೊಡಬಹುದೇ ಎಂದು ಮಾತ್ರ ಕೇಳಿತು. ಜೂನ್ 27ರಂದು 6-3ರಿಂದ ಉತ್ತರ ಬಂತು: ಸಾಮಾನ್ಯವಾಗಿ ಕೊಡುವಂತಿಲ್ಲ, ಮುಂದೆ ಬಂದ ಕಕ್ಷಿದಾರರಿಗೆ ಬೇಕಾದಷ್ಟು ಮಾತ್ರ. ಅಂದರೆ ಕೋರ್ಟಿನ ಮಾತು ಮೀರುವ ಗೋಜೇ ಬೇಡ, ಮಾತು ತಲುಪುವ ದೂರವನ್ನೇ ಮೊಟಕು ಮಾಡಿದರೆ ಸಾಕು. ಮೊಕದ್ದಮೆ ಹಾಕಿದವರ ಮಗು ಪ್ರಜೆ, ಹಾಕದ ಪಕ್ಕದ ಮನೆಯವರ ಮಗು ಅಲ್ಲ ಎಂಬ ಪರಿಸ್ಥಿತಿ ಬರುವುದರಲ್ಲಿತ್ತು. ಎರಡು ವಾರದೊಳಗೆ ನ್ಯೂ ಹ್ಯಾಂಪ್‌ಶೈರ್‌ನ ಒಬ್ಬ ಜಡ್ಜ್, ಅಂಥ ಮಕ್ಕಳನ್ನೆಲ್ಲ ಒಂದು ಗುಂಪಾಗಿ ಮಾಡಿ ಒಂದೇ ದಾವೆಯಲ್ಲಿ ಸೇರಿಸಿ ತಡೆ ಕೊಟ್ಟರು. ರಂಗೋಲಿ ಕೆಳಗೆ ತೂರುವುದು ಜಡ್ಜುಗಳಿಗೂ ಬರುತ್ತದೆ. ಆದೇಶ ಸರಿಯೇ ಎಂಬ ಮೂಲ ಪ್ರಶ್ನೆಯನ್ನು ಕೇಳಲು ಸುಪ್ರೀಂ ಕೋರ್ಟ್ ಒಪ್ಪಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ.

ಇದನ್ನು ಕೇಳಿ "ಹುಟ್ಟಿದ ಮಗುವಿಗೂ ಹೀಗೆ ಮಾಡ್ಬಹುದಾ?" ಎಂದು ಶೆಟ್ಟರು ಸಿಟ್ಟಾದರು. ನಾವು ಯಾವಾಗಲೋ ಮಾಡಿ ಮುಗಿಸಿದ್ದೇವೆ, ಶೆಟ್ರೆ! ಭಾರತದಲ್ಲಿ 1987ರ ಜೂನ್ 30ರ ತನಕ ಹುಟ್ಟಿದವರಿಗೆ ಇಲ್ಲಿ ಹುಟ್ಟಿದ್ದೇ ಸಾಕು. ಅಲ್ಲಿಂದ ಮುಂದೆ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ್ದರೆ ಇಬ್ಬರೂ ಭಾರತೀಯರಾಗಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಪೌರತ್ವದ ನಿಯಮ ಮಾಡುವ ಅಧಿಕಾರವನ್ನು ನಮ್ಮ ಸಂವಿಧಾನ ಪಾರ್ಲಿಮೆಂಟಿಗೇ ಕೊಟ್ಟಿದೆ. ಹಾಗಾಗಿ ಕೋರ್ಟಿನ ಜೊತೆ ಗುದ್ದಾಟ ಇಲ್ಲದೆ ಇದು ಮುಗಿಯಿತು. ಫೈಲಿನಲ್ಲಿರುವ ಇಪ್ಪತ್ತರ ಹುಡುಗ ತನ್ನ ಕಾಗದ ತೋರಿಸಿದರೆ ಸಾಲದು, ಅಪ್ಪ ಅಮ್ಮನದೂ ತೋರಿಸಬೇಕು.

ನಮ್ಮಲ್ಲಿ ಜಗಳ ಬೇರೆ ಕಡೆ ಇದೆ: ಸಾಬೀತು ಮಾಡಬೇಕಾದವರು ಯಾರು? ವಿದೇಶಿಯರ ಕಾನೂನಿನ ಪ್ರಕಾರ ತಾನು ವಿದೇಶಿ ಅಲ್ಲ ಎಂದು ಆರೋಪ ಹೊತ್ತವನೇ ತೋರಿಸಬೇಕು. ಕೊಲೆ ಆರೋಪಿಗೂ ಈ ಹೊರೆ ಇಲ್ಲ. ಅಸ್ಸಾಮಿಗೆಂದು 1983ರಲ್ಲಿ ಮಾಡಿದ ಕಾನೂನು ಇದನ್ನು ತಿರುಗಿಸಿತ್ತು. ವಿದೇಶಿ ಎಂದು ದೂರುವವರೇ ಸಾಬೀತು ಮಾಡಬೇಕಿತ್ತು. 2005ರ ಜುಲೈ 12ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನುಸುಳುಕೋರರನ್ನು ಹಿಡಿಯಲು ಆ ಕಾನೂನೇ ಅಡ್ಡಿ ಎಂದಿತು. ಮುಂದಿನ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೇರೆ ಹೆಸರಿನ ಆದೇಶದಲ್ಲಿ ಹೆಚ್ಚುಕಮ್ಮಿ ಅದನ್ನೇ ವಾಪಸ್ ತಂದಿತು. ಡಿಸೆಂಬರ್‌ನಲ್ಲಿ ಕೋರ್ಟ್ ಅದನ್ನೂ ಹೊಡೆಯಿತು. ಇಲ್ಲಿ ಪಾತ್ರಗಳು ಅದಲುಬದಲು. ಬಿಗಿ ಮಾಡಿ ಎಂದದ್ದು ಕೋರ್ಟು, ಸಡಿಲ ಉಳಿಸಲು ಅಡ್ಡದಾರಿ ಹಿಡಿದದ್ದು ಸರ್ಕಾರ. ಕೋರ್ಟನ್ನು ದಾಟುವುದು ಬಲ-ಎಡ ಎರಡೂ ಕಡೆಯವರ ಚಟ.

ಈಗಿನ ಗಾಳಿ ಬೇರೆ. ಅಸ್ಸಾಮಿನಲ್ಲಿ 1950ರ ಒಂದು ಹಳೆಯ ಕಾನೂನಿದೆ, ವಲಸಿಗರನ್ನು ಹೊರಹಾಕುವುದಕ್ಕೆ. ಎಷ್ಟೋ ಕಾಲ ಎಲ್ಲರೂ ಮರೆತಿದ್ದರು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಸ್ಸಾಂ ಪೌರತ್ವದ ತೀರ್ಪಿನಲ್ಲಿ ಅದನ್ನೂ ಉಲ್ಲೇಖಿಸಿತು. ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮ ಅದನ್ನೇ ಎತ್ತಿಕೊಂಡರು. ವಿದೇಶಿಯರ ಟ್ರಿಬ್ಯೂನಲ್ಲಿಗೆ ಹೋಗದೆ ಜಿಲ್ಲಾಧಿಕಾರಿಯೇ ತೀರ್ಮಾನಿಸಬಹುದು ಎಂದರು. 2025ರ ಸೆಪ್ಟೆಂಬರಿನಲ್ಲಿ ಅವರ ಸಂಪುಟ ಒಪ್ಪಿದ ಕ್ರಮದ ಪ್ರಕಾರ ಪೌರತ್ವ ತೋರಿಸಲು 10 ದಿನ. ತೋರಿಸಲಾಗದಿದ್ದರೆ 24 ಗಂಟೆಯಲ್ಲಿ ರಾಜ್ಯ ಬಿಡಬೇಕು. ತೀರ್ಪಿನ ಒಂದು ಸಾಲನ್ನು ಏಣಿ ಮಾಡಿಕೊಂಡು ವಿಚಾರಣೆಯನ್ನೇ ದಾಟುವ ಈ ಉಪಾಯ ಬ್ರಿಟನ್ನಿನವರಿಗೂ ಹೊಳೆದಿರಲಿಲ್ಲ.

ಮುಂಬೈಗೆ ಇದು ದೂರದ ಸುದ್ದಿಯಾಗಿ ಉಳಿಯಲಿಲ್ಲ. 2025ರ ಜೂನ್‌ನಲ್ಲಿ ಮೀರಾ ರೋಡ್‌ನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮುರ್ಶಿದಾಬಾದಿನ ಒಬ್ಬರನ್ನು ಬಾಂಗ್ಲಾದೇಶದವರೆಂದು ಹಿಡಿದರು. ಊರಿನಿಂದ ಮನೆಯವರು ಕಾಗದ ಕಳಿಸಿದ್ದರು. ಅದು ಲೆಕ್ಕಕ್ಕೆ ಬರುವ ಮೊದಲೇ ಗಡಿಯಾಚೆ ತಳ್ಳಿಯಾಗಿತ್ತು. ಹೀಗೆ ಮಹಾರಾಷ್ಟ್ರದಲ್ಲಿ ಹಿಡಿದ ಬಂಗಾಳದ ಕೆಲವರನ್ನು ಬಂಗಾಳ ಸರ್ಕಾರ ತಲೆ ಹಾಕಿದ ಮೇಲೆ, ಎರಡೂ ಕಡೆಯ ಗಡಿ ಪಡೆಗಳು ಮಾತಾಡಿಕೊಂಡು ವಾಪಸ್ ತಂದರು. ದೆಹಲಿಯಿಂದ ಹೀಗೇ ತಳ್ಳಿದ ಬೀರಭೂಮಿಯ ಒಬ್ಬ ಗರ್ಭಿಣಿಯ ಕತೆ ಇನ್ನೂ ಉದ್ದ. ಭಾರತದವಳು ನುಸುಳಿದ್ದಾಳೆ ಎಂದು ಬಾಂಗ್ಲಾದೇಶ ಆಕೆಯನ್ನು ಜೈಲಿಗೆ ಹಾಕಿತು! ನಾಲ್ಕು ವಾರದಲ್ಲಿ ಕರೆತನ್ನಿ ಎಂದು ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿತು. ಕೇಂದ್ರ ಮೇಲ್ಮನವಿಗೆ ಹೋಯಿತು. ಸುಪ್ರೀಂ ಕೋರ್ಟಿನಲ್ಲಿ ಮಾನವೀಯತೆಯ ನೆಲೆಯಲ್ಲಿ ಒಪ್ಪಿ ಆಕೆಯನ್ನು ಕರೆತಂದದ್ದು ಡಿಸೆಂಬರ್‌ನಲ್ಲಿ. ಇಲ್ಲಿ ಯಾವ ಕೋರ್ಟಿನ ಆದೇಶವನ್ನೂ ಯಾರೂ ಮೀರಿರಲಿಲ್ಲ. ತಳ್ಳುವ ಮೊದಲು ವಿಷಯ ಕೋರ್ಟಿಗೆ ಬಂದೇ ಇರಲಿಲ್ಲ.

ಕೋರ್ಟುಗಳ ಮೇಲಿನ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಅಮೆರಿಕದ ವಲಸೆ ಕೋರ್ಟುಗಳಲ್ಲಿ 30 ಲಕ್ಷಕ್ಕೂ ಜಾಸ್ತಿ ಮೊಕದ್ದಮೆ ಕೊಳೆಯುತ್ತಿವೆ. ಒಬ್ಬನ ಸರದಿ ಬರಲು ವರ್ಷಗಳೇ ಬೇಕು. ಅಷ್ಟರಲ್ಲಿ ಅವನು ಮನೆ ಮಾಡಿ, ಮಕ್ಕಳಾಗಿ, ಆಮೇಲೆ ಹೊರಡು ಅಂದರೆ ಅದೂ ಅನ್ಯಾಯ. ಮತ ಹಾಕಿದವನಿಗೆ 'ಏನೂ ನಡೆಯುತ್ತಿಲ್ಲ' ಅನ್ನಿಸುವುದು ಸಹಜ. ಆದರೆ ಆ ವಲಸೆ ಕೋರ್ಟುಗಳ ಜಡ್ಜುಗಳು ಅಲ್ಲಿನ ನ್ಯಾಯ ಇಲಾಖೆಯ ನೌಕರರು, ಅಂದರೆ ಸರ್ಕಾರದ ಕೈಕೆಳಗಿನವರೇ. ಹೆಚ್ಚು ಜನರನ್ನು ನೇಮಿಸುವುದು ಸರ್ಕಾರದ ಕೈಯಲ್ಲೇ ಇದೆ. ರುವಾಂಡಾ ಯೋಜನೆಗೆ ಸುರಿದ 70 ಕೋಟಿ ಪೌಂಡಿನಲ್ಲಿ ಎಷ್ಟು ಜಡ್ಜುಗಳಿಗೆ ಸಂಬಳ ಕೊಡಬಹುದಿತ್ತು ಅಂತ ಶೆಟ್ಟರು ಬಿಲ್ಲಿನ ಹಿಂದೆ ಲೆಕ್ಕ ಹಾಕತೊಡಗಿದ್ದರು, ಗಿರಾಕಿ ಬಂದರೆಂದು ನಿಲ್ಲಿಸಿದರು.

ನಮ್ಮ ಜನಕ್ಕೆ ಒಂದು ನೆನಪು ಇದ್ದೇ ಇದೆ. ಅರವತ್ತರ ದಶಕದ ಕೊನೆಯಲ್ಲಿ ಈ ನಗರದಲ್ಲಿ ದಕ್ಷಿಣದವರ ವಿರುದ್ಧ 'ಬಜಾವ್ ಪುಂಗಿ, ಹಟಾವ್ ಲುಂಗಿ' ಕೂಗು ಎದ್ದಾಗ ಉಡುಪಿ ಹೋಟೆಲಿನವರೂ ಅದರಲ್ಲಿ ಬಂದಿದ್ದರು. ನಾವು ಹೊರಗಿನವರು ಎಂದು ಬೀದಿ ಹೇಳಿತ್ತು. ಹೊರಗಿನವರಲ್ಲ ಎಂದು 19ನೇ ವಿಧಿ ಹೇಳಿತು. ಅದನ್ನು ತೋರಿಸಲು ನಮಗೆ ಆಗ ಯಾರೂ ಹತ್ತು ದಿನದ ಗಡುವು ಕೊಟ್ಟಿರಲಿಲ್ಲ.

"ಈ ಫೈಲಿನಲ್ಲಿ ಇರುವುದೆಲ್ಲ ಸಾಕಲ್ವಾ ಮಾಸ್ಟ್ರೇ?" ಎಂದು ಕೊನೆಗೆ ಕೇಳಿದರು. ಸಾಲದು. 2025ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಠಾಣೆಯ ಒಂದು ಜಾಮೀನು ಅರ್ಜಿಯಲ್ಲಿ ಹೇಳಿದೆ. ಆಧಾರ್, ಪ್ಯಾನ್, ವೋಟರ್ ಕಾರ್ಡ್ ಇದ್ದ ಮಾತ್ರಕ್ಕೆ ಭಾರತದ ಪ್ರಜೆ ಎಂದಾಗುವುದಿಲ್ಲ. ಪೌರತ್ವ 1955ರ ಕಾನೂನಿನಿಂದ ಬರುವುದು. ಅಂದರೆ ಹುಟ್ಟಿದ ದಿನ, ಹುಟ್ಟಿದ ಊರು, ತಂದೆ ತಾಯಿ.

ಶೆಟ್ಟರು ಫೈಲ್ ಮುಚ್ಚಿ ನನ್ನ ಮುಖ ನೋಡಿದರು. ಅವರು ಮನೆಯಲ್ಲಿ ಹುಟ್ಟಿದವರು, ಜನನ ಪತ್ರ ಇಲ್ಲ. ಹದಿಮೂರಕ್ಕೆ ಲಾರಿ ಹತ್ತಿ ಬಂದಾಗ ಊರಿನ ಶಾಲೆಯಿಂದ ಟಿಸಿ ತಂದಿರಲಿಲ್ಲ. ರಾತ್ರಿ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಕೇಳಿದರೆ, ದೊಡ್ಡ ಮಳೆಗೆ ಸಂಕ ಕೊಚ್ಚಿಹೋದ ವರ್ಷ ಅಂದಿದ್ದರು. ಅಂಥವರಿಗೆಲ್ಲ ನಾವು ಜೂನ್ 1 ಎಂದು ಬರೆಯುತ್ತಿದ್ದೆವು, ವರ್ಷವನ್ನು ಎತ್ತರ ನೋಡಿ ಅಂದಾಜು ಮಾಡುತ್ತಿದ್ದೆವು. ಅವರ ಲೀವಿಂಗ್ ಸರ್ಟಿಫಿಕೇಟ್, ಪಾಸ್‌ಪೋರ್ಟ್, ಹೋಟೆಲ್ ಲೈಸೆನ್ಸ್ ಎಲ್ಲದರಲ್ಲೂ ಇರುವುದು ಆ ಜೂನ್ 1. ರಿಜಿಸ್ಟರಿನಲ್ಲಿ ಅದನ್ನು ಬರೆದ ಕೈ ನನ್ನದು.

"ಆ ರಿಜಿಸ್ಟರ್ ಈಗ ಎಲ್ಲಿ ಉಂಟು?" ಎಂದರು. ಶಾಲೆ ಮುಚ್ಚಿ ಎಷ್ಟೋ ವರ್ಷವಾಯಿತು. ವಿಚಾರಿಸುತ್ತೇನೆ ಎಂದೆ.